ಎ.ಸಿ. ಕೂಡಿಸುವ ದಿನ ಮನೆಯಲ್ಲೇ ಇರಿ

ಯುಗಾದಿ ಕಳೆಯಿತೆಂದರೆ ನಮ್ಮ ಕಲಬುರಗಿ ಕಡೆ ಬಿಸಿಲಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಸೀಮೆ ಇದು. ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಿಂದೆ ಇಂಥ ಬೇಸಿಗೆಯನ್ನು ದಪ್ಪ ಗೋಡೆಯ ಮಾಳಿಗೆ ಮನೆ, ಶಹಾಬಾದಿ ಕಲ್ಲಿನ ನೆಲ, ಮಡಕೆಯ ನೀರು, ಅಂಗಳದ ನಿದ್ದೆ ಇವುಗಳಿಂದ ಹೇಗೋ ಕಳೆಯುತ್ತಿದ್ದರು. ಆಮೇಲೆ ಕೂಲರ್ ಬಂತು. ಈಗ ಗೋಡೆ ತೆಳುವಾಗಿದೆ, ತಲೆಯ ಮೇಲೆ ಆರ್.ಸಿ.ಸಿ. ಛಾವಣಿ ಇದೆ, ಅಂಗಳವಂತೂ ಇಲ್ಲವೇ ಇಲ್ಲ. ಹೀಗಾಗಿ ಸಾಲ ಮಾಡಿಯಾದರೂ ಒಂದು ಸ್ಪ್ಲಿಟ್ ಎ.ಸಿ. ತರುವ ಮನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ.

‘ಡಾಕ್ಟರೇ, ಎ.ಸಿ. ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ?’ ಎಂದು ಬೇಸಿಗೆಯಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಂತಾಯಿತು ಇದು. ಯಾರಿಗೆ, ಎಷ್ಟು, ಹೇಗೆ ಕೊಟ್ಟರು ಎಂಬುದರ ಮೇಲೆ ಉತ್ತರ ನಿಂತಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಎ.ಸಿ.ಯಿಂದ ಬರುವ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದ ದೋಷದಿಂದ ಬಂದವಲ್ಲ. ಅದನ್ನು ಕೂಡಿಸುವಾಗಿನ ಎರಡು ಮೂರು ಗಂಟೆಗಳ ಅವಸರದಿಂದ ಮತ್ತು ಆಮೇಲಿನ ಅಲಕ್ಷ್ಯದಿಂದ ಬಂದವು. ಅಂಗಡಿಯಲ್ಲಿ ನಕ್ಷತ್ರ ಎಣಿಸಿ, ಬೆಲೆ ಚೌಕಾಸಿ ಮಾಡಿ, ಕಂತಿನ ಲೆಕ್ಕ ಹಾಕುವ ಜನ, ಕೂಡಿಸುವ ದಿನ ಮಾತ್ರ ಮನೆಯ ಕೀಲಿಕೈಯನ್ನು ಪಕ್ಕದವರಿಗೆ ಕೊಟ್ಟು ಕೆಲಸಕ್ಕೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳುವುದೇ ಈ ಲೇಖನದ ಉದ್ದೇಶ.

ಎ.ಸಿ. ಬರೀ ಶೋಕಿಯಲ್ಲ ಎಂಬುದನ್ನೂ ಹೇಳಬೇಕು. ಸುತ್ತಲಿನ ಗಾಳಿ ನಮ್ಮ ಮೈಗಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ದಾರಿ ಬೆವರು ಒಂದೇ. 40 ಡಿಗ್ರಿ ದಾಟಿದ ಮೇಲೆ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಊದುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ, ಬೆವರೂ ಕಡಿಮೆ. ಹೃದ್ರೋಗಿಗಳು, ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು, ಮಾನಸಿಕ ಕಾಯಿಲೆಯ ಕೆಲವು ಔಷಧಿ ತೆಗೆದುಕೊಳ್ಳುವವರು, ಎಳೆ ಮಕ್ಕಳು ಇವರೆಲ್ಲರಿಗೆ ಬಿಸಿಲ ಬೇಗೆ ಬೇಗ ಬಡಿಯುತ್ತದೆ. ಮೈಯೊಳಗಿನ ಶಾಖ 40 ಡಿಗ್ರಿ ಮೀರಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಸೂರ್ಯಾಘಾತ. ಜೀವ ಹೋಗುವ ಕಾಯಿಲೆ. ಇಂಥವರಿರುವ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಒಂದು ತಂಪಾದ ಕೋಣೆ ಇರುವುದು ಔಷಧಿಗೆ ಸಮ. ಔಷಧಿಯಂತೆಯೇ ಅದಕ್ಕೂ ಒಂದು ಕ್ರಮವಿದೆ.

ಯಂತ್ರ ಮಾಡುವುದೇನು?

ಒಂದೂವರೆ ಟನ್ ಎ.ಸಿ. ಎಂದರೆ ಯಂತ್ರದ ತೂಕವೆಂದು ಇಂದಿಗೂ ಕೆಲವರು ತಿಳಿದಿದ್ದಾರೆ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟು ಶಾಖ ತೆಗೆಯುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಇದು ಸುಮಾರು ಮೂರೂವರೆ ಕಿಲೋವ್ಯಾಟ್. ಒಳಗಿನ ಯೂನಿಟ್ ಕೋಣೆಯ ಶಾಖವನ್ನೂ ತೇವವನ್ನೂ ಹೀರಿ ತಾಮ್ರದ ಕೊಳವೆಯಲ್ಲಿ ಹರಿಯುವ ಗ್ಯಾಸಿನ ಮೂಲಕ ಹೊರಗಿನ ಯೂನಿಟ್‌ಗೆ ಸಾಗಿಸುತ್ತದೆ. ಅದು ಆ ಶಾಖವನ್ನು ಬೀದಿಗೆ ಬಿಡುತ್ತದೆ. ಇಷ್ಟೇ ಅದರ ಕೆಲಸ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನಾವು ಮನೆಗಳಲ್ಲಿ ಹಾಕಿಸುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಹೊಸ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿದ್ದ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಕೂಲರಿನ ರೀತಿಯೇ ಬೇರೆ. ಕೂಲರ್ ಹೊರಗಿನ ಗಾಳಿಯನ್ನು ನೆನೆದ ಹುಲ್ಲಿನ ಮೂಲಕ ಒಳಗೆ ತಳ್ಳುತ್ತದೆ. ಅದಕ್ಕೆ ಕಿಟಕಿ ತೆರೆದಿರಬೇಕು. ಕೂಲರಿಗೆ ಒಗ್ಗಿದ ನಮ್ಮ ಜನ ಕೆಲವರು ಎ.ಸಿ. ಹಾಕಿದಾಗಲೂ ಕಿಟಕಿಯನ್ನು ಅರ್ಧ ತೆರೆದಿಡುತ್ತಾರೆ, ಇನ್ನು ಕೆಲವರು ಎರಡನ್ನೂ ಒಟ್ಟಿಗೆ ಹಚ್ಚುತ್ತಾರೆ. ಕೂಲರ್ ತೇವ ತುಂಬುತ್ತದೆ, ಎ.ಸಿ. ತೇವ ತೆಗೆಯುತ್ತದೆ. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಳೆದಂತೆ. ಬಿಲ್ಲು ಏರುವುದೊಂದೇ ಲಾಭ.

ಮೊದಲು ಜಾಗ

ಒಳಗಿನ ಯೂನಿಟ್ ಎಲ್ಲಿ ಕೂಡಬೇಕು ಎಂಬುದನ್ನು ಡ್ರಿಲ್ ಯಂತ್ರ ಗೋಡೆಗೆ ತಾಗುವ ಮೊದಲೇ ತೀರ್ಮಾನಿಸಿ. ಮಲಗಿದವರ ತಲೆ, ಎದೆಯ ಮೇಲೆ ನೇರವಾಗಿ ತಣ್ಣನೆಯ ಗಾಳಿ ಬೀಳಬಾರದು. ತೊಟ್ಟಿಲಿನ ಮೇಲಂತೂ ಬೇಡವೇ ಬೇಡ. ರಾತ್ರಿಯಿಡೀ ಮುಖಕ್ಕೆ ಗಾಳಿ ಬಡಿದರೆ ಮೂಗು, ಗಂಟಲು, ಕಣ್ಣು ಒಣಗುತ್ತವೆ. ಕುತ್ತಿಗೆಯ ಸ್ನಾಯು ಹಿಡಿದುಕೊಳ್ಳುತ್ತದೆ. ಗಾಳಿ ಹಾಸಿಗೆಯ ಮೇಲಿನಿಂದ ಅಡ್ಡಲಾಗಿ ಹಾದುಹೋಗುವಂತಿರಲಿ. ಯೂನಿಟ್ಟಿನ ಮೇಲ್ಭಾಗದಿಂದಲೇ ಗಾಳಿ ಒಳಹೋಗುವುದರಿಂದ ಛಾವಣಿಗೆ ಅಂಟಿಸಿ ಕೂಡಿಸಬಾರದು. ಎಷ್ಟು ಅಂತರ ಎಂಬುದು ಕಂಪನಿಯ ಕೈಪಿಡಿಯಲ್ಲಿ ಚಿತ್ರಸಹಿತ ಇರುತ್ತದೆ. ಆ ಪುಸ್ತಕವನ್ನು ಡಬ್ಬಿಯೊಂದಿಗೆ ಎಸೆಯದೆ ತೆರೆದು ನೋಡಿ.

ಹೊರಗಿನ ಯೂನಿಟ್ಟಿಗೆ ಬಯಲು ಗಾಳಿ ಬೇಕು. ನಾಲ್ಕೂ ಕಡೆ ಮುಚ್ಚಿದ ಕಿರಿದಾದ ಸಂದಿಯಲ್ಲಿಟ್ಟರೆ ಅದು ತಾನೇ ಬಿಟ್ಟ ಬಿಸಿಯನ್ನು ತಾನೇ ಹೀರುತ್ತಾ ಏದುಸಿರು ಬಿಡುತ್ತದೆ. ಅದರ ಬಿಸಿಗಾಳಿ ನೆರೆಯವರ ಕಿಟಕಿಗೆ ಎದುರಾಗಬಾರದು. ನಮ್ಮ ಕೋಣೆಯಿಂದ ತೆಗೆದ ಶಾಖ ಎ.ಸಿ. ಇಲ್ಲದ ಪಕ್ಕದ ಮನೆಯ ಅಜ್ಜಿಯ ಕೋಣೆ ಸೇರಿದರೆ ಅದು ನ್ಯಾಯವಲ್ಲ. ಸದ್ದಿನ ಮಾತೂ ಇದೆ. ಮಲಗುವ ಕೋಣೆಯೊಳಗೆ ರಾತ್ರಿ 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿಯೇ ಹೇಳಿದೆ. ಯೂನಿಟ್ಟಿನ ಕಾಲಿಗೆ ರಬ್ಬರ್ ಹಾಕಿ ಬಿಗಿಯಾಗಿ ಕೂಡಿಸಿದರೆ ಅರ್ಧ ಸದ್ದು ಅಲ್ಲಿಯೇ ಅಡಗುತ್ತದೆ.

ಇನ್ನೊಂದು ಅಪಾಯವನ್ನು ಯಾರೂ ಯೋಚಿಸುವುದಿಲ್ಲ. ಬಾಲ್ಕನಿಯಲ್ಲಿ ಕಟಕಟೆಗೆ ತಾಗಿಸಿ ಹೊರಗಿನ ಯೂನಿಟ್ ಇಟ್ಟರೆ ಮೂರು ವರ್ಷದ ಮಗುವಿಗೆ ಅದು ಏಣಿಯ ಮೆಟ್ಟಿಲು. ಅದರ ಮೇಲೆ ಹತ್ತಿದ ಮಗುವಿಗೆ ಕಟಕಟೆ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಹೀಗೆ ಇಡಲೇಬಾರದು.

ನೀರು ಹೋಗುವ ದಾರಿ

ಗಾಳಿಯಿಂದ ಹೀರಿದ ತೇವ ನೀರಾಗಿ ಒಳಗಿನ ಯೂನಿಟ್ಟಿನ ತಟ್ಟೆಗೆ ಬೀಳುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಇದು ದಿನಕ್ಕೆ ಬಕೆಟ್ಟುಗಟ್ಟಲೆ ಆಗಬಹುದು. ಈ ನೀರು ಪೈಪಿನಲ್ಲಿ ತನ್ನಷ್ಟಕ್ಕೇ ಇಳಿದು ಹೋಗಬೇಕು. ತಳ್ಳುವ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಯೂನಿಟ್ಟನ್ನು ಗಾರೆಯವರ ರಸಮಟ್ಟ ಇಟ್ಟು ನೋಡಿಯೇ ಕೂಡಿಸಬೇಕು. ಪೈಪು ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರಿನಲ್ಲಿರಬೇಕು. ನಡುವೆ ಎಲ್ಲಿಯೂ ಮೇಲೆದ್ದು ಮತ್ತೆ ಕೆಳಗಿಳಿಯಬಾರದು, ತುದಿ ನೀರಿನ ಬಕೆಟ್ಟಿನಲ್ಲಿ ಮುಳುಗಿರಬಾರದು.

ವೈದ್ಯನಾದವನಿಗೆ ಈ ಪೈಪಿನ ಉಸಾಬರಿ ಏಕೆ ಎನ್ನುತ್ತೀರಾ? ಇಳಿಜಾರು ತಪ್ಪಿದರೆ ನೀರು ತಟ್ಟೆಯಲ್ಲೇ ನಿಂತು ಲೋಳೆ ಕಟ್ಟುತ್ತದೆ, ಗೋಡೆಗೆ ಇಳಿಯುತ್ತದೆ. ತೇವದ ಗೋಡೆಯಲ್ಲಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬುತ್ತದೆ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯೊಂದಿಗೆ ಕೋಣೆಯೆಲ್ಲ ಸುತ್ತುತ್ತವೆ. ಅಸ್ತಮಾ ಇರುವ ಮಗುವಿಗೆ, ಬೆಳಗೆದ್ದರೆ ಇಪ್ಪತ್ತು ಸೀನು ಸೀನುವ ಅಲರ್ಜಿಯವರಿಗೆ ಇದು ಬೆಂಕಿಗೆ ತುಪ್ಪ ಸುರಿದಂತೆ. ರಾತ್ರಿ ಕೆಮ್ಮಿಗೆಂದು ಸಿರಪ್ಪಿನ ಮೇಲೆ ಸಿರಪ್ಪು ಕುಡಿಸುವ ತಾಯಿಯಂದಿರಿಗೆ ನಾನು ಒಂದು ಪ್ರಶ್ನೆ ಕೇಳುವುದುಂಟು: ‘ಎ.ಸಿ. ಹಾಕಿದ ಕೂಡಲೇ ಹಳೆ ಚೀಲದಂಥ ಮುಗ್ಗಲು ವಾಸನೆ ಬರುತ್ತದೆಯೇನಮ್ಮಾ?’ ಹೌದು ಎಂದರೆ ಮದ್ದಿನ ಜೊತೆಗೆ ಮೆಕ್ಯಾನಿಕ್ಕನನ್ನೂ ಕರೆಸಬೇಕು.

ಪರೀಕ್ಷೆ ಸುಲಭ. ಯೂನಿಟ್ ಕೂಡಿಸಿದ ಮೇಲೆ ಅದರ ಮುಚ್ಚಳ ತೆಗೆಸಿ ತಟ್ಟೆಗೆ ಒಂದು ತಂಬಿಗೆ ನೀರನ್ನು ನಿಧಾನವಾಗಿ ಹೊಯ್ಯಿಸಿ. ಹೊರಗಿನ ತುದಿಯಿಂದ ಅಷ್ಟೂ ನೀರು ತಡೆಯಿಲ್ಲದೆ ಬರಬೇಕು. ವಿದ್ಯುತ್ ಭಾಗಗಳಿಗೆ ನೀರು ತಾಗಬಾರದಾದ್ದರಿಂದ ಇದನ್ನು ಕರೆಂಟು ಕೊಡುವ ಮುನ್ನ ಮೆಕ್ಯಾನಿಕ್ಕನ ಕೈಯಿಂದಲೇ ಮಾಡಿಸಿ.

ಕರೆಂಟಿನ ವಿಷಯದಲ್ಲಿ ರಾಜಿ ಬೇಡ

ಎ.ಸಿ.ಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ತಾಮ್ರದ ವೈರು, ಅದರದೇ ಎಂ.ಸಿ.ಬಿ. ಇರಬೇಕು. ಫ್ಯಾನು, ಟಿ.ವಿ. ನಡೆಯುವ ಹಳೆಯ ವೈರಿಗೆ ಸೇರಿಸುವುದು, ಎಕ್ಸ್‌ಟೆನ್ಷನ್ ಬಾಕ್ಸಿನಿಂದ ನಡೆಸುವುದು ಬೆಂಕಿಯನ್ನು ಮನೆಗೆ ಕರೆದಂತೆ. ತಾಸುಗಟ್ಟಲೆ ಹರಿಯುವ ಕರೆಂಟಿಗೆ ಸಣ್ಣ ವೈರು ಕಾಯುತ್ತದೆ, ಸಡಿಲ ಜೋಡಣೆ ಕಿಡಿ ಕಾರುತ್ತದೆ. ಎ.ಸಿ. ಒಂದು ಗಂಟೆ ನಡೆದ ಮೇಲೆ ಪ್ಲಗ್ಗಿನ ಹತ್ತಿರ ಅಂಗೈ ಹಿಡಿದು ನೋಡಿ. ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ ಎಂ.ಸಿ.ಬಿ. ಇಳಿಸಿ ತಕ್ಷಣ ತೋರಿಸಿ.

ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿ ಎಂದು ಎಲೆಕ್ಟ್ರಿಷಿಯನ್‌ಗೆ ಬಾಯಿಬಿಟ್ಟು ಹೇಳಿ. ಹಸಿರು ವೈರು ಕಾಣುತ್ತದೆ ಎಂದಮಾತ್ರಕ್ಕೆ ಅದು ಭೂಮಿಗೆ ಸೇರಿದೆ ಎಂದರ್ಥವಲ್ಲ. ಮಳೆಯಲ್ಲಿ ನೆನೆದ ಹೊರಗಿನ ಯೂನಿಟ್ಟಿನ ತಗಡನ್ನು ಒದ್ದೆ ಕೈಯಲ್ಲಿ ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು. ಕರೆಂಟು ಸೋರಿದೊಡನೆ ತಾನಾಗಿ ಬೀಳುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಮನೆಗೆ ಹಾಕಿಸಿಕೊಳ್ಳಿ. ವಿದ್ಯುತ್ ಆಘಾತದಿಂದ ನಿಂತ ಹೃದಯವನ್ನು ಮತ್ತೆ ನಡೆಸುವುದು ಆಸ್ಪತ್ರೆಯಲ್ಲೂ ಕಷ್ಟ. ಅದು ನಿಲ್ಲದಂತೆ ಮಾಡುವುದು ಈ ಸಣ್ಣ ಡಬ್ಬಿಗೆ ಸಾಧ್ಯ.

ಗ್ಯಾಸಿನ ಗುಟ್ಟು

ಓಜೋನ್ ಪದರಕ್ಕೆ ಹಾನಿ ಮಾಡುವ ಹಳೆಯ ಆರ್-22 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಈಗಿನ ಎ.ಸಿ.ಗಳಲ್ಲಿ ಹೆಚ್ಚಾಗಿ ಇರುವುದು ಆರ್-32. ಇದು ಓಜೋನಿಗೆ ಹಾನಿ ಮಾಡದಿದ್ದರೂ ಇದಕ್ಕೆ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ. ಕೆಲವು ಯಂತ್ರಗಳಲ್ಲಿರುವ ಆರ್-290 ಎಂದರೆ ಪ್ರೋಪೇನ್. ಅದು ಅಡುಗೆ ಅನಿಲದ ಜಾತಿಯದೇ. ಹೆದರಬೇಕಾಗಿಲ್ಲ, ಆದರೆ ಕೊಳವೆ ಜೋಡಿಸುವ ಕೋಣೆಯಲ್ಲಿ ಬೀಡಿ ಸಿಗರೇಟು, ದೀಪ, ಊದುಬತ್ತಿ ಇರಬಾರದು, ಕಿಟಕಿ ತೆರೆದಿರಬೇಕು. ಉರಿದ ಆರ್-32ರಿಂದ ಶ್ವಾಸಕೋಶ ಸುಡುವ ವಿಷಾನಿಲ ಹುಟ್ಟುತ್ತದೆ.

ಕೊಳವೆ ಜೋಡಿಸಿದ ಮೇಲೆ ಅದರಲ್ಲಿರುವ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪ್ ಹಚ್ಚಿ ಹೊರತೆಗೆಯಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಅವಸರದವರು ಪಂಪಿನ ಬದಲು ಯಂತ್ರದಲ್ಲಿರುವ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ಹೊರದಬ್ಬುತ್ತಾರೆ. ಹಾಗೆ ಮಾಡಿದರೆ ಗ್ಯಾಸು ಕಡಿಮೆಯಾಗುತ್ತದೆ, ತೇವ ಒಳಗೇ ಉಳಿದು ಯಂತ್ರವನ್ನು ತಿನ್ನುತ್ತದೆ, ಹೊತ್ತಿಕೊಳ್ಳುವ ಅನಿಲ ಮನೆಯ ಬಳಿ ಹರಡುತ್ತದೆ. ‘ಪಂಪ್ ತಂದಿದ್ದೀರೇನಪ್ಪಾ?’ ಎಂದು ಬಾಗಿಲಲ್ಲೇ ಕೇಳಿ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿಸಿ ಗುಳ್ಳೆ ಏಳುತ್ತದೆಯೇ ನೋಡಿಸಿ. ಒತ್ತಡದ ಪರೀಕ್ಷೆ ಮಾಡುವುದಾದರೆ ಸಾರಜನಕದಿಂದ ಮಾತ್ರ ಮಾಡಬೇಕು. ಆಮ್ಲಜನಕ ತುಂಬಿದರೆ ಯಂತ್ರದ ಎಣ್ಣೆಯೊಂದಿಗೆ ಸೇರಿ ಸಿಡಿಯಬಹುದು.

ಪ್ರತಿ ಬೇಸಿಗೆಗೆ ಗ್ಯಾಸು ತುಂಬಿಸಲೇಬೇಕು ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳುವಳಿಕೆ. ಎ.ಸಿ.ಯ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಅನಿಲ ವರ್ಷಾನುಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ರಕ್ತ ಎಲ್ಲಿ ಸೋರುತ್ತಿದೆ ಎಂದು ನೋಡದೆ ಬಾಟಲಿಯ ಮೇಲೆ ಬಾಟಲಿ ರಕ್ತ ಏರಿಸುವ ವೈದ್ಯನನ್ನು ನೀವು ಒಪ್ಪುತ್ತೀರಾ? ಇಲ್ಲಿಯೂ ಒಪ್ಪಬೇಡಿ. ಮೊದಲು ಸೋರಿಕೆ ಹುಡುಕಿಸಿ, ಮುಚ್ಚಿಸಿ, ಆಮೇಲೆ ತುಂಬಿಸಿ.

ಮೇಲೆ ಹತ್ತಿದವನ ಜೀವ

ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಮೂರನೆಯ ಮಹಡಿಯ ಕಿಟಕಿಯಿಂದ ಹೊರಗೆ ಬಾಗಿ, ಒಂದು ಕಾಲನ್ನು ಸಜ್ಜೆಯ ಮೇಲಿಟ್ಟು, ಹತ್ತಾರು ಕಿಲೋ ಭಾರದ ಯೂನಿಟ್ಟನ್ನು ಗೋಡೆಗೆ ಕೂಡಿಸುವ ಹುಡುಗರನ್ನು ನೀವೂ ನೋಡಿದ್ದೀರಿ. ಸೊಂಟಕ್ಕೆ ಬೆಲ್ಟಿಲ್ಲ, ತಲೆಗೆ ಹೆಲ್ಮೆಟ್ಟಿಲ್ಲ. ಬೇಸಿಗೆಯಲ್ಲಿ ಒಂದೇ ದಿನ ಹಲವು ಮನೆ ಮುಗಿಸಬೇಕಾದ ಅವಸರ ಬೇರೆ. ಎತ್ತರದಿಂದ ಬಿದ್ದವನ ಬೆನ್ನುಹುರಿ ಕತ್ತರಿಸಿದರೆ ಮತ್ತೆ ಜೋಡಿಸುವ ವಿದ್ಯೆ ನಮ್ಮಲ್ಲಿ ಇಲ್ಲ. ಇಪ್ಪತ್ತೈದು ವರ್ಷದ ಹುಡುಗ ಉಳಿದ ಬದುಕನ್ನು ಹಾಸಿಗೆಯಲ್ಲಿ ಕಳೆಯಬೇಕಾಗುತ್ತದೆ, ಇಡೀ ಮನೆ ಅವನೊಂದಿಗೆ ಮಲಗುತ್ತದೆ.

ನಮ್ಮ ಮನೆಯ ತಂಪಿಗಾಗಿ ಇನ್ನೊಬ್ಬರ ಮನೆಯ ದೀಪ ಆರಬಾರದು. ಭದ್ರವಾದ ಆಸರೆಗೆ ಕಟ್ಟಿದ ಹಗ್ಗ, ಮೈಗೆ ಹಾಕುವ ಬೆಲ್ಟ್ ಇಲ್ಲದೆ ಹೊರಗೆ ಇಳಿಯಬೇಡಿ ಎಂದು ನೀವೇ ಹೇಳಿ. ‘ಏನೂ ಆಗಲ್ಲ ಸಾರ್, ದಿನಾ ಮಾಡ್ತೀವಿ’ ಎಂದರೆ ಕೆಲಸ ನಿಲ್ಲಿಸಿ. ತಾರಸಿಯಲ್ಲೋ ನೆಲದ ಮೇಲೋ ಇಡಲು ಜಾಗವಿದ್ದರೆ ಕೊಳವೆಗೆ ನಾಲ್ಕು ಕಾಸು ಹೆಚ್ಚಾದರೂ ಅಲ್ಲಿಯೇ ಇಡಿಸಿ. ಮುಂದೆ ಪ್ರತಿ ಸರ್ವಿಸಿಗೂ ಒಬ್ಬ ಆ ಜಾಗಕ್ಕೆ ಹೋಗಲೇಬೇಕಲ್ಲ. ಕಂಪನಿಗಳೂ ಅಂಗಡಿಯವರೂ ಬೆಲ್ಟು, ಹಗ್ಗಗಳನ್ನು ಸ್ಕ್ರೂ ಡ್ರೈವರಿನಷ್ಟೇ ಕಡ್ಡಾಯವಾಗಿ ಕೊಟ್ಟು ಕಳಿಸಬೇಕು. ಕೊಳ್ಳುವವರು ಕೇಳಿದರೆ ಮಾತ್ರ ಇದು ಬೇಗ ಆಗುತ್ತದೆ.

ನಡೆಸಿ ನೋಡುವುದು

ಕೆಲಸ ಮುಗಿದ ಮೇಲೆ ಬಾಗಿಲು ಕಿಟಕಿ ಮುಚ್ಚಿ, ಅತಿ ಕಡಿಮೆ ಉಷ್ಣಾಂಶಕ್ಕೆ ಇಟ್ಟು, ಫ್ಯಾನನ್ನು ಜೋರಾಗಿಸಿ ಇಪ್ಪತ್ತು ನಿಮಿಷ ನಡೆಸಿ. ಕೋಣೆಯ ಉಷ್ಣಮಾಪಕದಿಂದ ಒಳಹೋಗುವ ಗಾಳಿಯನ್ನೂ ಹೊರಬರುವ ಗಾಳಿಯನ್ನೂ ಅಳೆಯಿರಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ತೇವ ಹೆಚ್ಚಿರುವ ಕರಾವಳಿಯಲ್ಲಿ ಸ್ವಲ್ಪ ಕಡಿಮೆ ಇರಬಹುದು. ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಇದಕ್ಕೆ ಬಾರದು, ಅದರ ಅಳತೆ 35ರಿಂದ 42 ಡಿಗ್ರಿಯವರೆಗೆ ಮಾತ್ರ. ಇದರ ಜೊತೆಗೆ ಒಳಗಿನ ಯೂನಿಟ್ಟಿನಿಂದ ನೀರು ತೊಟ್ಟಿಕ್ಕುತ್ತದೆಯೇ, ಗೋಡೆ ನಡುಗುತ್ತದೆಯೇ, ಕೊಳವೆ ಹಾದುಹೋದ ತೂತನ್ನು ಮುಚ್ಚಿದ್ದಾರೆಯೇ ನೋಡಿ. ಮುಚ್ಚದ ತೂತು ಸೊಳ್ಳೆಗೂ ಹಲ್ಲಿಗೂ ಹೆಬ್ಬಾಗಿಲು.

ಆಮೇಲೆ ದಿನಬಳಕೆಯಲ್ಲಿ 24ರಿಂದ 26 ಡಿಗ್ರಿ ಸಾಕು. ಜತೆಗೆ ಛಾವಣಿಯ ಫ್ಯಾನು ನಿಧಾನವಾಗಿ ತಿರುಗಲಿ. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಕ್ಷತ್ರದ ಗುರುತು ಪಡೆದ ಎ.ಸಿ.ಗಳು ಹಾಕಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವೂ ಇದೆ. ಅದನ್ನು 18ಕ್ಕೆ ಇಳಿಸಿ ರಜಾಯಿ ಹೊದೆಯುವುದು ಯಾವ ಜಾಣತನ? ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ನೀವೇ ತೊಳೆದು ನೆರಳಲ್ಲಿ ಒಣಗಿಸಿ. ಬೇಸಿಗೆಗೆ ಮುನ್ನ ಒಮ್ಮೆ ಒಳಗಿನ ಕಾಯಿಲ್, ತಟ್ಟೆ, ಪೈಪುಗಳನ್ನು ಮೆಕ್ಯಾನಿಕ್ಕನಿಂದ ತೊಳೆಸಿ. ಸಾಧಾರಣ ಜಾಲರಿ ಧೂಳನ್ನಷ್ಟೇ ಹಿಡಿಯುತ್ತದೆ, ರೋಗಾಣುಗಳನ್ನಲ್ಲ ಎಂಬುದು ನೆನಪಿರಲಿ.

ಮುಚ್ಚಿದ ಕೋಣೆಯ ಅಪಾಯ

ಹೊಸ ಗಾಳಿ ಬಾರದ ಕೋಣೆಯಲ್ಲಿ ನಾವು ಬಿಟ್ಟ ಉಸಿರು ಅಲ್ಲೇ ಉಳಿಯುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈ ಆಕ್ಸೈಡ್ ಈಗ ಸುಮಾರು 420 ಪಾಲು ಇದೆ. ಸಂದಿಯಿಲ್ಲದಂತೆ ಮುಚ್ಚಿದ ಸಣ್ಣ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಿನ ಹೊತ್ತಿಗೆ ಅದು 2000 ದಾಟುವುದು ಅಪರೂಪವಲ್ಲ. ಬೆಳಗೆದ್ದಾಗ ತಲೆ ಭಾರ, ಮಂಕು ಎನ್ನುವವರು ಇದನ್ನು ಯೋಚಿಸಬೇಕು. ಅದಕ್ಕಿಂತ ದೊಡ್ಡದು ಸೋಂಕಿನ ಮಾತು. 2020ರ ಜನವರಿ 24ರಂದು ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಹೋಟೆಲೊಂದರಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಜನರು ಕೋವಿಡ್ ರೋಗಿಗಳಾದರು. ಎ.ಸಿ.ಯ ಗಾಳಿಯ ಸುತ್ತಿನಲ್ಲೇ ಅದು ಹರಡಿತೆಂದು ತನಿಖೆ ಮಾಡಿದವರು ಬರೆದರು. ಮನೆಯಲ್ಲಿ ಕ್ಷಯ, ಫ್ಲೂ ರೋಗಿಯಿದ್ದರೆ ಒಂದೇ ಎ.ಸಿ. ಕೋಣೆಯಲ್ಲಿ ಎಲ್ಲರೂ ಮಲಗುವುದು ಸಲ್ಲದು. ಆಗ ತೆರೆದ ಕಿಟಕಿಯೇ ಮದ್ದು.

ಮುಚ್ಚಿದ ಎ.ಸಿ. ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಸೊಳ್ಳೆಪರದೆ ಕಟ್ಟಿ. ಕೋಣೆಗೆ ಹೊಂದಿದ ಬಚ್ಚಲಿನಲ್ಲಿ ಗ್ಯಾಸ್ ಗೀಜರ್ ಇಡಬೇಡಿ. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎ.ಸಿ. ನಡೆಯುತ್ತಿದೆ, ಗಾಳಿ ಆಡುತ್ತಿದೆ ಎಂಬ ಭ್ರಮೆಯಲ್ಲೇ ಜೀವ ಹೋಗಿಬಿಡುತ್ತದೆ. ದಿನಕ್ಕೆ ಎರಡು ಬಾರಿ, ಬೆಳಗಿನ ತಂಪಿನಲ್ಲೊಮ್ಮೆ, ಮಲಗುವ ಮುನ್ನ ಒಮ್ಮೆ, ಹದಿನೈದು ನಿಮಿಷ ಕಿಟಕಿಗಳನ್ನು ಎದುರುಬದುರು ತೆರೆದಿಡಿ. ಕರೆಂಟು ಹೋದರೂ ಅಷ್ಟೇ, ಮೊದಲು ಕಿಟಕಿ ತೆರೆಯಿರಿ.

ಎಲ್ಲ ಮುಗಿದ ಮೇಲೆ ಮೆಕ್ಯಾನಿಕ್ ಒಂದು ಕಾಗದ ಮುಂದೆ ಹಿಡಿದು ‘ಇಲ್ಲೊಂದು ಸಹಿ ಹಾಕಿ’ ಎನ್ನುತ್ತಾನೆ. ಜಾಗ ಸರಿಯೇ, ನೀರು ಹರಿಯಿತೇ, ಅರ್ಥಿಂಗ್ ನೋಡಿದರೇ, ಪಂಪ್ ಹಚ್ಚಿದರೇ, ಸೋರಿಕೆ ಪರೀಕ್ಷಿಸಿದರೇ, ಗಾಳಿ ತಂಪಾಗಿ ಬಂತೇ, ಹೊರಗೆ ಇಳಿದ ಹುಡುಗ ಸುರಕ್ಷಿತವಾಗಿ ಒಳಗೆ ಬಂದನೇ? ಈ ಏಳಕ್ಕೂ ಹೌದು ಎಂದಾದರೆ ಮಾತ್ರ ಸಹಿ ಹಾಕಿ. ಕೆಲಸ ಮಾಡಿದವರಿಗೆ ತಣ್ಣನೆಯ ಒಂದು ಲೋಟ ಮಜ್ಜಿಗೆ ಕೊಡಿ. ಅರ್ಧ ದಿನದ ರಜೆ ಹೋಯಿತೆಂದು ಕೊರಗಬೇಡಿ. ಅದರ ಫಲ ಮನೆಯವರಿಗೆಲ್ಲ ಹತ್ತು ಬೇಸಿಗೆ ಬರುತ್ತದೆ.